ಅಣ್ಣನ ಮಾತಿಗೆ ನನ್ನ ಬಾಯಿ

ಮಾರ್ಚ್ ೪, ಬುಧವಾರ

ಅಣ್ಣನ ಮೇಲೆ ಕೆಂಡದಂಥ ಸಿಟ್ಟು ಬಂದಿದೆ. ಎದುರಿಗೆ ಕೂಗಾಡಿದರೆ ಅವನು ನಗುತ್ತಾನೆ, ಅವನು ನಕ್ಕರೆ ನನಗೂ ನಗು ಬಂದು ಒಳ್ಳೆಯ ಸಿಟ್ಟು ಹಾಳಾಗುತ್ತದೆ. ಅದಕ್ಕೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ವಾಸಿಯಾಗದ ಕಾಯಿಲೆಯವರು ತಾವಾಗಿ ಕೇಳಿಕೊಂಡರೆ ವೈದ್ಯರ ನೆರವಿನಿಂದ ಪ್ರಾಣ ಬಿಡಬಹುದು ಎನ್ನುವ ಮಸೂದೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಸಮಿತಿಯೊಂದು ಬರುತ್ತಿದೆ. ಇಪ್ಪತ್ತಾರಕ್ಕೆ ಪುರಭವನದಲ್ಲಿ ಸಭೆ. ಮಾತಾಡುವವರು ಮೊದಲೇ ಹೆಸರು ಕೊಡಬೇಕು. ನಾನು ಹೋದ ವಾರವೇ ಗುಟ್ಟಾಗಿ ಹೋಗಿ ಕೊಟ್ಟು ಬಂದೆ, ವಿರೋಧದ ಕಡೆ. ಇವತ್ತು ಗೊತ್ತಾಯಿತು, ಅಣ್ಣನೂ ಮಗಳ ಕೈಲಿ ಗುಟ್ಟಾಗಿ ಕೊಡಿಸಿದ್ದಾನೆ, ಪರವಾಗಿ. ಒಂದೇ ಒಲೆಯ ಅಡುಗೆ ಉಣ್ಣುವವರು ನಾವು.

"ನನಗೊಂದು ಮಾತು ಹೇಳಬಾರದಿತ್ತಾ?" ಅಂದೆ.

"ನೀನು ಹೇಳಿದ್ಯಾ?" ಅಂದ. ಅದು ನಿಜವಾದ್ದರಿಂದ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅವನ ನರಗಳ ಕಾಯಿಲೆ ಮೊದಲು ಕಾಲು ತಿಂದಿತು, ಆಮೇಲೆ ಕೈ, ಈಗ ನಾಲಿಗೆಗೆ ಬಂದಿದೆ. ಅವನ ಮಾತು ಡಾಕ್ಟರಿಗೆ ಅರ್ಥವಾಗುವುದಿಲ್ಲ, ಮಗಳಿಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಪೂರ್ತಿ ತಿಳಿಯುವುದು ನನಗೊಬ್ಬಳಿಗೇ. ಆದ್ದರಿಂದ ಸಭೆಯಲ್ಲಿ ಅವನು ಹೇಳಿದ್ದನ್ನು ಮೈಕಿನಲ್ಲಿ ತಿರುಗಿ ಹೇಳುವ ಕೆಲಸ ನನ್ನದಂತೆ.

"ನಾಟಕದಲ್ಲಿ ನಲವತ್ತು ವರ್ಷ ನೀನು ಪರದೆ ಪಕ್ಕದಿಂದ ಪಿಸುಗುಟ್ಟಿದ್ದನ್ನ ನಾನು ಕೂಗಿ ಹೇಳಿದೀನಿ. ಒಂದು ಸಲ ನಾನು ಪಿಸುಗುಟ್ಟಿದ್ದನ್ನ ನೀನು ಕೂಗಿ ಹೇಳು" ಅಂದ. ಇಷ್ಟು ಹೇಳಲು ಅವನಿಗೆ ಹಿಡಿದ ಹೊತ್ತಿನಲ್ಲಿ ನಾನು ಪಾತ್ರೆಯೆಲ್ಲ ತೊಳೆದು ಒರೆಸಿಟ್ಟೆ. ಕೊನೆಯ ಎರಡು ಪದ ನಾನೇ ಮುಗಿಸಿದೆ, ಬೇಗ ಆಗಲಿ ಅಂತ.

ಆಗಲ್ಲ ಅಂದೆ. ತಂಗಿಯ ಬಾಯಲ್ಲೇ ತನ್ನ ಸಾವಿನ ಪರ ವಾದ ಮಾಡಿಸುವ ಅಣ್ಣ ಇನ್ನೆಲ್ಲಾದರೂ ಇದ್ದಾನೋ ಗೊತ್ತಿಲ್ಲ.

ಮಾರ್ಚ್ ೫, ಗುರುವಾರ

ಅವನ ಜೊತೆ ಮಾತು ಬಿಟ್ಟೆ. ಮಧ್ಯಾಹ್ನದವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಕನ್ನಡಕ ಎಲ್ಲಿಟ್ಟೆ ಅಂತ ಅವನನ್ನೇ ಕೇಳಬೇಕಾಯಿತು.

ಮಾರ್ಚ್ ೯, ಸೋಮವಾರ

ಅಣ್ಣನ ಮಗಳು ಪುಟ್ಟಿ ಬಂದಿದ್ದಳು. ಪುಟ್ಟಿ ಅಂತ ಕರೆಯುವುದು ನಾವು ಮಾತ್ರ, ಹೊರಗೆ ಅವಳು ದೊಡ್ಡ ಸಿಟಿ ಬಸ್ಸು ಓಡಿಸುತ್ತಾಳೆ, ಅವಳ ಹಾರ್ನಿಗೆ ಲಾರಿಯವರೂ ಪಕ್ಕಕ್ಕೆ ಸರಿಯುತ್ತಾರೆ. ಅತ್ತೆಗೆ, ಅಂದರೆ ನನಗೆ, ಮೈಕಿನಲ್ಲಿ ಹೇಳಲು ಇಷ್ಟವಿಲ್ಲದಿದ್ದರೆ ಬೇಡ ಅಂತ ಆಸ್ಪತ್ರೆಯಿಂದ ಒಂದು ಮಾತಾಡುವ ಯಂತ್ರ ತಂದಳು. ಪರದೆಯ ಮೇಲಿನ ಅಕ್ಷರವನ್ನು ಕಣ್ಣಲ್ಲಿ ದಿಟ್ಟಿಸಿದರೆ ಅದು ಓದಿ ಹೇಳುತ್ತದೆ. ಅಣ್ಣ ಬಹಳ ಕಷ್ಟಪಟ್ಟು ಒಂದು ವಾಕ್ಯ ಮಾಡಿದ. ಯಂತ್ರದೊಳಗಿನ ಹೆಂಗಸು ಗಂಭೀರವಾಗಿ, "ನನಗೆ ಇವಳ ಧ್ವನಿ ಬೇಡ, ಇವಳು ಲಿಫ್ಟಿನಲ್ಲಿ ಮಹಡಿ ಹೇಳುವವಳು" ಅಂದಳು.

ಮೂವರೂ ನಕ್ಕು ನಕ್ಕು ಸುಸ್ತಾದೆವು. ಅವನೊಬ್ಬ ಹಾಸ್ಯನಟ. ಬಾಗಿಲು ತೆರೆದುಕೊಂಡು ಬರುವುದರಲ್ಲೇ ಇಡೀ ಸಭಾಂಗಣವನ್ನು ನಗಿಸುತ್ತಿದ್ದವನು. ಅವನ ಮಾತನ್ನು ಈ ಲಿಫ್ಟಿನವಳ ಕೈಗೆ ಕೊಡುವುದಾ?

"ಸರಿ, ನಾನೇ ಹೇಳ್ತೀನಿ" ಅಂದೆ. "ನೀನು ಹೇಳಿದ್ದು ಹೇಳಿದ ಹಾಗೇ. ಒಂದು ಪದ ಸೇರಿಸಲ್ಲ, ಒಂದು ಪದ ಬಿಡಲ್ಲ. ಆದರೆ ಸಭೆ ದಿನ ಮಧ್ಯಾಹ್ನ ನನ್ನ ಸರದಿ ಬಂದಾಗ ನಿನ್ನ ವಾದವನ್ನ ಹರಿದು ಹಾಕ್ತೀನಿ. ಆಗ ಮುಖ ಊದಿಸ್ಕೊಂಡು ಕೂರಬಾರದು."

"ಚೆನ್ನಾಗಿ ತಯಾರಿ ಮಾಡ್ಕೋ" ಅಂದ. "ದಡ್ಡಿ ಎದುರು ಗೆದ್ರೆ ನನಗೇನು ಮರ್ಯಾದೆ."

ಮಾರ್ಚ್ ೧೪, ಶನಿವಾರ

ತಾಲೀಮು ಶುರುವಾಗಿದೆ. ಬೆಳಿಗ್ಗೆ ಅವನ ಕಾಫಿಯಾದ ಮೇಲೆ ಕೂರುತ್ತೇವೆ. ನೀರಾಗಿರುವುದು ಗಂಟಲಲ್ಲಿ ತಪ್ಪು ದಾರಿ ಹಿಡಿಯುತ್ತದೆಂದು ಅವನ ಕಾಫಿಗೆ ಒಂದು ಪುಡಿ ಹಾಕಿ ಗಟ್ಟಿ ಮಾಡಿ ಚಮಚದಲ್ಲಿ ತಿನ್ನಿಸಬೇಕು. "ಕಾಫಿಯನ್ನ ಅಗಿದು ತಿನ್ನೋ ಭಾಗ್ಯ ಎಲ್ಲರಿಗೂ ಸಿಗಲ್ಲ" ಅನ್ನುತ್ತಾನೆ.

ಪತ್ರಿಕೆಗಳು ಬರೆಯುವ ದಯಾಮರಣ ಎನ್ನುವ ಪದ ಅವನಿಗೆ ಸುತರಾಂ ಬೇಡ. ಯಾರ ದಯೆ, ಯಾಕೆ ದಯೆ ಅಂತ ತಕರಾರು. ನಾನು ಅಭ್ಯಾಸಬಲದಿಂದ ಅದನ್ನೇ ಹೇಳಿಬಿಡುತ್ತೇನೆ, ಅವನು ಇನ್ನೂ ಅಲ್ಲಾಡುವ ಬೆರಳೊಂದರಿಂದ ಕುರ್ಚಿಯ ಕೈ ಬಡಿಯುತ್ತಾನೆ. ಇವತ್ತು ಅವನು ಆರು ಪದ ಹೇಳಿದರೆ ನಾನು ಹತ್ತು ಹೇಳುತ್ತಿದ್ದೆನಂತೆ. "ಲಾಭದ ವ್ಯಾಪಾರ" ಅಂದ.

ನಾನೇನು ಮಾಡಲಿ. ನಟರು ಮಾತು ಮರೆತಾಗ ಹೇಳಿಕೊಡುವ ಪ್ರಾಂಪ್ಟರಿನ ಕಿವಿ ನನ್ನದು. ಪರದೆಯ ಪಕ್ಕ ಪುಸ್ತಕ ಹಿಡಿದು ಕೂತು ಕೂತು, ಎಲ್ಲಿ ಮೌನ ಬಂದರೂ ಯಾರೋ ಮಾತು ಮರೆತರು ಅಂತಲೇ ಅನ್ನಿಸುತ್ತದೆ. ಬಾಯಿ ತಾನಾಗಿ ಮುಂದಿನ ಪದ ಕೊಟ್ಟುಬಿಡುತ್ತದೆ. ಅಂಗಡಿಯವನು ಚಿಲ್ಲರೆಗೆ ತಡಕಾಡುತ್ತಾ "ಒಟ್ಟು..." ಅಂದರೂ ಮೊತ್ತ ನಾನೇ ಹೇಳುತ್ತೇನೆ.

ನಡುವೆ ಅವನ ನರದ ನಗು ಬಂತು. ಈ ಕಾಯಿಲೆಯಲ್ಲಿ ಕೆಲವೊಮ್ಮೆ ಕಾರಣವಿಲ್ಲದೆ ನಗು ಉಕ್ಕುತ್ತದೆ, ತಡೆಯಲಾಗುವುದಿಲ್ಲ. ಮನೆಗೆ ಬರುವ ನರ್ಸ್ ಅದಕ್ಕೆ ಮಾತ್ರೆ ಇದೆ, ಕೊಡಿಸಲಾ ಅಂತ ಕೇಳಿದರು. ಅಣ್ಣ ಕಣ್ಣಲ್ಲೇ ಬೇಡವೆಂದ. ಪುಕ್ಕಟೆ ಬಂದದ್ದನ್ನು ಯಾಕೆ ಬಿಡಲಿ ಅಂತ ಅವನ ಅಭಿಪ್ರಾಯ. ಇದನ್ನು ನರ್ಸಿಗೆ ತಿಳಿಸುವಾಗ ನಾನು ಎರಡು ಪದ ಸೇರಿಸಿದೆ, ಬೆರಳು ಟಕ್ ಅಂತ ಬಡಿಯಿತು.

ಮಾರ್ಚ್ ೧೫, ಭಾನುವಾರ

ಎಷ್ಟು ಒಳ್ಳೆಯ ದಿನ. ಪುಟ್ಟಿ ತನ್ನ ಬಸ್ಸಿನಲ್ಲೇ ಹತ್ತಿಸಿಕೊಂಡಳು. ಮೆಟ್ಟಿಲಿನ ಜಾಗದಲ್ಲಿ ಹಲಗೆ ಇಳಿಯಿತು, ಅಣ್ಣನ ಗಾಲಿಕುರ್ಚಿ ಮೆರವಣಿಗೆಯಂತೆ ಒಳಗೆ ಹೋಯಿತು. ಕೆರೆಯ ಸ್ಟಾಪ್ ಬರುವ ಹೊತ್ತಿಗೆ ಅವನಿಗೆ ನರದ ನಗು ಬಂತು. ಎದುರಿನ ಸೀಟಿನ ಮುದುಕಿ ಮೊದಲು ಗಾಬರಿಯಾದಳು, ಆಮೇಲೆ ತಾನೂ ನಕ್ಕಳು. ಅವಳನ್ನು ನೋಡಿ ಪಕ್ಕದವನು. ಇಳಿಯುವಷ್ಟರಲ್ಲಿ ಅರ್ಧ ಬಸ್ಸು ನಗುತ್ತಿತ್ತು, ಯಾಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. "ಹೌಸ್‌ಫುಲ್" ಅಂದ ಅಣ್ಣ.

ಕೆರೆಯ ದಂಡೆಯ ಮೇಲೆ ಬಿಸಿಲಿಗೆ ಕೂತಾಗ ಕೇಳಿಯೇಬಿಟ್ಟೆ. "ನಾನು ಚೆನ್ನಾಗಿ ನೋಡ್ಕೋತಾ ಇಲ್ವಾ? ಬಸ್ಸಲ್ಲಿ ಇಷ್ಟು ಖುಷಿಯಾಗಿ ಬಂದ್ಯಲ್ಲ, ನಿನಗೆ ಯಾಕೆ ಬೇಕು ಈ ಕಾನೂನು?"

ಅವನು ಬಾತುಕೋಳಿಗಳನ್ನು ನೋಡುತ್ತಾ ಕೂತ. ನಾನೇ "ನೋವಿಗಾ?" ಅಂದೆ. ಅಲ್ಲ. "ನಮಗೆ ಭಾರ ಅಂತಾನಾ?" ಅಲ್ಲ. "ಮತ್ತೆ..." ಅನ್ನುವಷ್ಟರಲ್ಲಿ ಬೆರಳು ಬಡಿಯಿತು.

"ಭಯ" ಅಂದ. ಮತ್ತೆ ಉಸಿರು ಕೂಡಿಸಿಕೊಂಡು, "ಉಸಿರು ಕಟ್ಟಿ ಹೋಗೋದು. ಅದೊಂದೇ. ಆವತ್ತು ಸಾಕು ಅಂತ ಹೇಳಬಹುದು ಅಂತ ಗೊತ್ತಿದ್ರೆ... ಇವತ್ತು ಬಾತುಕೋಳಿ ನೋಡಬಹುದು."

ನನಗೆ ಅಳು ಬಂತು. ನನ್ನ ವಾದದಲ್ಲಿ ಎಷ್ಟೋ ಅಲಂಕಾರಗಳಿವೆ, ಆದರೆ ಒಳಗಿರುವುದು ಒಂದೇ: ಅವನಿಲ್ಲದ ಮನೆ ನನಗೆ ಬೇಡ. ಅದನ್ನು ಅವನಿಗೂ ಹೇಳಿದೆ. "ಗೊತ್ತು" ಅಂದ. ಆಮೇಲೆ ಇಬ್ಬರೂ ಬಾತುಕೋಳಿ ನೋಡಿದೆವು. ಒಂದು ಬಾತುಕೋಳಿ ಥೇಟ್ ನಮ್ಮ ಹಳೆಯ ನಿರ್ದೇಶಕರ ಹಾಗೇ ನಡೆಯುತ್ತಿತ್ತು.

ಮಾರ್ಚ್ ೨೦, ಶುಕ್ರವಾರ

ನನ್ನ ಭಾಷಣ ಅವನ ಮುಂದೆ ಒಪ್ಪಿಸಿದೆ. ಬೇರೆ ಯಾರ ಮುಂದೆ ಒಪ್ಪಿಸಲಿ? ನನ್ನ ಮಾತಿನ ತಿರುಳು ಇದು. ಪಕ್ಕದಿಂದ ಯಾರಾದರೂ ಮೆಲ್ಲಗೆ ಹೇಳಿಕೊಟ್ಟರೆ ಮನುಷ್ಯ ಅದನ್ನು ತನ್ನದೇ ಮಾತೆಂದು ತಿಳಿದು ಆಡಿಬಿಡುತ್ತಾನೆ, ಇದು ನನ್ನ ಕಸುಬಿನಲ್ಲಿ ಕಂಡದ್ದು. ನಾಳೆ ಹಾಸಿಗೆ ಹಿಡಿದವರ ಪಕ್ಕ ಕೂತು "ಪಾಪ, ನಿಮಗೂ ಕಷ್ಟ, ಎಲ್ಲರಿಗೂ ಕಷ್ಟ" ಅಂತ ದಿನಾ ಪಿಸುಗುಟ್ಟಿದರೆ, ಅವರು "ನನಗೆ ಸಾಕು" ಅನ್ನುತ್ತಾರೆ. ಅದು ಯಾರ ಮಾತು ಅಂತ ಯಾವ ಸಮಿತಿ ಕಂಡುಹಿಡಿಯುತ್ತದೆ?

ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ನಿದ್ದೆ ಹೋದನೇನೋ ಅಂದುಕೊಂಡೆ.

"ಒಳ್ಳೇ ವಾದ" ಅಂದ. ಆಮೇಲೆ, "ಓಡಬೇಡ. ಯಾರ ಮಾತು ಅನ್ನೋ ಕಡೆ ನಿಲ್ಲು. ಅವರು ಯೋಚನೆ ಮಾಡ್ಲಿ."

"ನಿನ್ನ ವಿರುದ್ಧದ ಭಾಷಣ ಇದು, ನೆನಪಿದೆ ತಾನೇ?"

"ನಟನೆ ಕೆಟ್ಟದಾಗಿದ್ರೆ ನೋಡೋಕಾಗಲ್ಲ" ಅಂದ.

ಮತ್ತೆ ಒಪ್ಪಿಸಿದೆ. ಮತ್ತೆ ತಿದ್ದಿದ. ಕೊನೆಗೆ ಅವನಿಗೇ ಬಾಯಿಪಾಠವಾಗಿರಬೇಕು. ವೃತ್ತಿಯಲ್ಲಿದ್ದಾಗ ತನ್ನ ಪಾತ್ರದ ಮಾತನ್ನು ಒಂದು ದಿನವೂ ಕಲಿತು ಬಂದವನಲ್ಲ.

ಮಾರ್ಚ್ ೨೩, ಸೋಮವಾರ

ಬೆಳಿಗ್ಗೆ ಜೊಲ್ಲು ಗಂಟಲಲ್ಲಿ ಸಿಕ್ಕಿಕೊಂಡಿತು. ನರ್ಸ್ ಅಲ್ಲೇ ಇದ್ದರು, ಸರಿ ಮಾಡಿದರು. ಅವನ ಕಣ್ಣು ನೋಡಿದೆ.

ಭಯ ಅಂದದ್ದು ಇದಕ್ಕೆ.

ಮಾರ್ಚ್ ೨೬, ಗುರುವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಪುಟ್ಟಿ ರಜೆ ಹಾಕಿ ವ್ಯಾನು ತಂದಿದ್ದಳು. ಅಣ್ಣ ನೀಲಿ ಕೋಟು ಹಾಕಿಸಿಕೊಂಡ, ಬಟನ್ ಹಾಕಿದ್ದು ಸಾಲದೆಂದು ಕರವಸ್ತ್ರವನ್ನೂ ಮಡಿಸಿ ಜೇಬಿಗೆ ಸಿಕ್ಕಿಸಿಕೊಂಡ, ಅಂದರೆ ನನ್ನ ಕೈಲಿ ಸಿಕ್ಕಿಸಿಕೊಂಡ. ಪುರಭವನ ತುಂಬಿತ್ತು. ವೇದಿಕೆಯ ಮೇಲೆ ಸಮಿತಿಯವರು, ನಡುವೆ ಅಧ್ಯಕ್ಷೆ, ಬೆಳ್ಳಿಕೂದಲಿನ ಗಟ್ಟಿ ಹೆಂಗಸು. ನಮಗಿಂತ ಮೊದಲು ಒಬ್ಬ ಡಾಕ್ಟರು ಬಹಳ ಗಂಭೀರವಾಗಿ ಮಾತಾಡುತ್ತಿದ್ದಾಗ ಅಣ್ಣನಿಗೆ ನರದ ನಗು ಬಂದುಬಿಟ್ಟಿತು. ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನಿಂತು, "ಇದು ಕಾಯಿಲೆ ನಗು, ಅಭಿಪ್ರಾಯ ಅಲ್ಲ" ಅಂದೆ. ಡಾಕ್ಟರೇ ನಕ್ಕುಬಿಟ್ಟರು.

ನಮ್ಮ ಸರದಿ. ಅವನ ಕುರ್ಚಿಯ ಪಕ್ಕ ಮಂಡಿಯೂರಿ ಕೂತೆ, ಮೈಕು ನನ್ನ ಬಾಯಿಗೆ. ಅವನು ಮೊದಲ ವಾಕ್ಯ ಹೇಳಿದ, ನಾನು ತಿರುಗಿ ಹೇಳಿದೆ. ಅಧ್ಯಕ್ಷೆ, "ಅಮ್ಮ, ಸ್ವಲ್ಪ ಜೋರಾಗಿ" ಅಂದರು. ನಾನು ಪಿಸುಗುಟ್ಟುತ್ತಿದ್ದೆ. ಜನರ ಮುಂದೆ ಗಂಟಲು ಬಿಟ್ಟು ಮಾತಾಡಿ ನನಗೇನು ಗೊತ್ತು?

ಅವನ ಮಾತು ಹೀಗಿತ್ತು: "ನಾನು ಹಾಸ್ಯನಟ. ಬದುಕು ಬೇಜಾರಾಗಿ ಬಂದಿಲ್ಲ. ನನಗೆ ಕಾಫಿ ಇಷ್ಟ. ತಂಗಿ ಜೊತೆ ಜಗಳ ಇನ್ನೂ ಇಷ್ಟ. ಉಸಿರು ಕಟ್ಟಿ ಸಾಯೋದಕ್ಕೆ ಭಯ. ಸಾಕು ಅನ್ನೋ ಹಕ್ಕಿದ್ರೆ ಆ ಭಯ ಹೊತ್ಕೊಂಡು ತಿರುಗೋದು ತಪ್ಪುತ್ತೆ. ಯಾರ ದಯೆನೂ ಬೇಡ. ನನ್ನ ಮಾತು ಕೇಳಿಸ್ಕೊಂಡ್ರೆ ಸಾಕು."

ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ. ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು. "ಈ ಕಾನೂನು ನಾಳೆನೇ ಬಂತು ಅಂದ್ಕೊಳ್ಳಿ. ನೀವು ಅದನ್ನ ಬಳಸ್ತೀರಾ?"

ಅಣ್ಣ ಸುಮ್ಮನಾದ. ಫ್ಯಾನಿನ ಸದ್ದು ಕೇಳುತ್ತಿತ್ತು. ಆ ಮೌನ ನನಗೆ ತಡೆಯಲಾಗಲಿಲ್ಲ.

"ಇಲ್ಲ" ಅಂದೆ ಮೈಕಿನಲ್ಲಿ.

ಪಕ್ಕದ ಮೇಜಿನವರು ಟೈಪು ಮಾಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಣ್ಣ ನನ್ನ ಕಡೆ ಕಣ್ಣು ತಿರುಗಿಸಿದ. ಬೆರಳು ಬಡಿಯಲಿಲ್ಲ. ಬರೀ ನೋಡಿದ.

"ನಾನು ಹೇಳಿಲ್ಲ" ಅಂದ.

ಆ ಕ್ಷಣದಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಅವನ ಮಾತು ಅಲ್ಲಿ ನನ್ನ ಹೊರತು ಒಬ್ಬರಿಗೂ ತಿಳಿಯುತ್ತಿರಲಿಲ್ಲ. ನನಗೆ ಬೇಕಾದದ್ದು ದಾಖಲೆಯಲ್ಲಿ ಕೂತಾಗಿತ್ತು.

"ಕ್ಷಮಿಸಿ" ಅಂದೆ. "ಅವನು 'ನಾನು ಹೇಳಿಲ್ಲ' ಅಂತಿದಾನೆ. ಆ 'ಇಲ್ಲ' ನನ್ನದು. ಅದನ್ನ ತೆಗೆದುಹಾಕಿ."

ಜನ ನಕ್ಕರು. ಅಧ್ಯಕ್ಷೆಯೂ ನಕ್ಕರು. ಆಮೇಲೆ ನಾವೆಲ್ಲ ಕಾದೆವು. ಅವನು ಎಷ್ಟು ಹೊತ್ತು ತೆಗೆದುಕೊಂಡನೋ, ನಾನು ಅವನ ತುಟಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದೊಂದೇ ಮಾತು ಬಂತು, ಒಂದೊಂದೇ ಹೇಳಿದೆ.

"ಗೊತ್ತಿಲ್ಲ. ಇವತ್ತು ಕೇಳಿದ್ರೆ ಬೇಡ ಅಂತೀನಿ. ಇವತ್ತು ಚೆನ್ನಾಗಿದೆ. ಇಷ್ಟು ಜನ ಬಂದಿದಾರೆ. ಇನ್ನೊಂದು ದಿನ ಬೇಕು ಅನ್ನಬಹುದು. ಆವತ್ತೂ ನನ್ನನ್ನೇ ಕೇಳಿ."

ಆಮೇಲೆ ಅವನು ಇನ್ನೊಂದು ಪದ ಹೇಳಿದ. ಅದನ್ನು ನಾನು ನುಂಗಿಕೊಳ್ಳಬೇಕೆಂದಿದ್ದೆ. ನುಂಗಲಿಲ್ಲ. ಜೋರಾಗಿಯೇ ಹೇಳಿದೆ.

"ಇವಳನ್ನಲ್ಲ."

ಊಟದ ಬಿಡುವು ಬಂತು. ನನ್ನ ಸರದಿ ಬಿಟ್ಟುಬಿಡುತ್ತೇನೆ ಅಂದೆ ಪುಟ್ಟಿಗೆ. ಬೆಳಿಗ್ಗೆ ಅವನ ಮಾತು ನನ್ನ ಬಾಯಲ್ಲಿ ಬಂದು, ಮಧ್ಯಾಹ್ನ ಅದೇ ಬಾಯಲ್ಲಿ ಅವನ ವಿರುದ್ಧ ಏನು ಹೇಳಲಿ? ಪುಟ್ಟಿ, "ಅಪ್ಪನ್ನ ಕೇಳು" ಅಂದಳು. ಅವನು ಕಣ್ಣು ಮುಚ್ಚಿ ಕೂತಿದ್ದ, ನಾನು ಕೇಳಲಿಲ್ಲ. ನನ್ನ ಹೆಸರು ಕರೆದಾಗ ಕಾಲು ತಾನಾಗಿ ಹೋಯಿತು.

"ನಾನು ನಾಟಕದ ಪ್ರಾಂಪ್ಟರ್" ಅಂದೆ. "ಬೆಳಿಗ್ಗೆ ಮಾತಾಡಿದವನ ತಂಗಿ. ನಾನು ಈ ಮಸೂದೆಗೆ..."

ಮುಂದಿನ ಪದ ಬರಲಿಲ್ಲ. ಮರೆತಿರಲಿಲ್ಲ, ಬಾಯಿಗೆ ಬರಲಿಲ್ಲ. ಎಷ್ಟು ಜನರಿಗೆ ಪದ ಕೊಟ್ಟವಳು ನಾನು, ಪದ ಸಿಗದೆ ಜನರೆದುರು ನಿಂತಾಗ ಹೇಗಿರುತ್ತದೆಂದು ಇವತ್ತು ಗೊತ್ತಾಯಿತು. ಅಧ್ಯಕ್ಷೆ ಕಾಯುತ್ತಿದ್ದರು. ಜನ ಕೆಮ್ಮಲು ಶುರು ಮಾಡಿದರು.

ಆಗ ಮುಂದಿನ ಸಾಲಿನಿಂದ ಒಂದು ಸದ್ದು ಬಂತು. ಉಳಿದವರಿಗೆ ಅದು ಗಂಟಲ ಗೊರಗೊರ. ನನಗೆ ಮಾತ್ರ ಸ್ಪಷ್ಟವಾಗಿ ಕೇಳಿತು. ಅಣ್ಣ ಇದ್ದಬದ್ದ ಉಸಿರನ್ನೆಲ್ಲ ಹಾಕಿ ನನಗೆ ಪದ ಕೊಡುತ್ತಿದ್ದ.

"ವಿರುದ್ಧ."

"ವಿರುದ್ಧವಾಗಿದೀನಿ" ಅಂದೆ.

ಅಲ್ಲಿಂದ ಮುಂದೆ ಮಾತು ಸರಾಗವಾಗಿ ಬಂತು. ಬರೆದುಕೊಂಡ ಭಾಷಣವಲ್ಲ, ಬೇರೆಯೇ. "ಬೆಳಿಗ್ಗೆ ನೀವೇ ನೋಡಿದ್ರಿ. ಅವನ ಬದಲು ನಾನು 'ಇಲ್ಲ' ಅಂದೆ, ನೀವು ಬರ್ಕೊಂಡ್ರಿ. ಪ್ರೀತಿಯಿಂದ ಅಂದಿದ್ದು, ಆದರೂ ಅದು ಅವನ ಮಾತಲ್ಲ. ಪ್ರೀತಿ ಕಮ್ಮಿ ಇರೋ ಮನೆಗಳಲ್ಲಿ 'ಹೂಂ' ಅಂತ ಹೇಳಿಕೊಡೋರು ಇರ್ತಾರೆ. ಅದನ್ನೂ ಹೀಗೇ ಬರ್ಕೊಂಡ್ರೆ, ಅದು ಯಾರ ಮಾತು?" ಅಲ್ಲಿ ನಿಂತೆ. ಅವರು ಯೋಚನೆ ಮಾಡಲಿ ಅಂತ.

ಸಮಿತಿ ಇನ್ನೂ ಬೇರೆ ಊರುಗಳಿಗೆ ಹೋಗಬೇಕಂತೆ. ಕಾನೂನು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ವ್ಯಾನಿನಲ್ಲಿ ಪುಟ್ಟಿ, "ಯಾರು ಗೆದ್ರಿ?" ಅಂತ ಕೇಳಿದಳು. ಅಣ್ಣನಿಗೆ ನಗು ಬಂತು. ನರದ್ದೋ ನಿಜದ್ದೋ ಅಂತ ಕೇಳಿದೆ. "ಎರಡೂ" ಅಂದ. ಮನೆ ಮುಟ್ಟುವವರೆಗೂ ನಾವು ಮೂವರೂ ಹುಚ್ಚರ ಹಾಗೆ ನಗುತ್ತಿದ್ದೆವು.

ಮಾರ್ಚ್ ೨೯, ಭಾನುವಾರ

ಬೆಳಿಗ್ಗೆ ಅವನ ಕುರ್ಚಿಯನ್ನು ಅಡುಗೆಮನೆಗೇ ತಂದುಕೊಂಡೆ. ಒಲೆಗೆ ಬೆನ್ನು ಹಾಕಿ ಅವನ ಎದುರು ಕೂತು ಪತ್ರಿಕೆ ಓದಿ ಹೇಳುತ್ತಿದ್ದೆ. ಅಣ್ಣ ನನ್ನ ಹೆಗಲ ಆಚೆ ನೋಡಿ ಏನೋ ಹೇಳಲು ಶುರು ಮಾಡಿದ. ಪತ್ರಿಕೆ ಕೆಳಗಿಟ್ಟೆ. ಅವನ ತುಟಿ ನೋಡುತ್ತಾ ಕೂತೆ. ಮೊದಲ ಅಕ್ಷರ ಬಂತು. ನಿಂತ. ಉಸಿರು ತೆಗೆದುಕೊಂಡ. ಕಣ್ಣು ಅಗಲ ಮಾಡಿದ. ಅವಸರವಿಲ್ಲ, ನಿಧಾನವಾಗಿ ಹೇಳು ಅಂದೆ. ಮತ್ತೊಂದು ಅಕ್ಷರ. ಬೆರಳು ಬಡಿಯತೊಡಗಿತು. ನಾನು ಬಾಯಿಯೇ ತೆರೆಯಲಿಲ್ಲವಲ್ಲ, ಯಾಕೆ ಬಡಿಯುತ್ತಾನೆ ಅಂದುಕೊಂಡೆ.

"ಹಾಲು ಉಕ್ತಿದೆ" ಅಂತ ಅವನು ಪೂರ್ತಿ ಮಾಡುವ ಹೊತ್ತಿಗೆ ಒಲೆ, ಕಟ್ಟೆ, ನೆಲ ಎಲ್ಲ ಹಾಲಾಗಿತ್ತು.

ಬಟ್ಟೆ ಹಿಡಿದು ಒರೆಸುತ್ತಾ ನಕ್ಕೆ, ಅವನು ಕುರ್ಚಿಯಲ್ಲಿ ಅಲ್ಲಾಡಿ ಅಲ್ಲಾಡಿ ನಕ್ಕ. ನಗು ಇಳಿದ ಮೇಲೆ ಅವನ ಮುಖ ಸ್ವಲ್ಪ ಗಂಭೀರವಾಯಿತು. ಏನೋ ಕೇಳಲಿಕ್ಕಿತ್ತು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೂತೆ.

"ಮುಂದೆನೂ... ನಾನು ಏನೇ ಹೇಳೋಕೆ ಹೊರಟ್ರೂ... ಹೀಗೇ ಕಾಯ್ತೀಯಾ?"

ಯಾವ ದಿನದ ಬಗ್ಗೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ನನ್ನ ಉತ್ತರಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಅವನು ಕಾದ.

"ಕಾಯ್ತೀನಿ" ಅಂದೆ. "ಹಾಲೊಂದು ಬಿಟ್ಟು."